ಹೆದರಿದರೆ ಕೆಂಪಾಗುವ ಬೇರು

ಜುಲೈ ಒಂಬತ್ತು, ರಾತ್ರಿ ಹನ್ನೊಂದೂಕಾಲು. ನಮ್ಮ ದೊಡ್ಡಮ್ಮನ ಮಗಳು ಪ್ರಯೋಗಾಲಯದ ದೀಪ ಆರಿಸಿ, ಹಿಂಬದಿಯ ಪಾಳುಬಾವಿಯ ಪಕ್ಕದ ದಾರಿ ಹಿಡಿದಾಗ ಇದು ಶುರುವಾಯಿತು.

ಗಾಜಿನ ಜಾಡಿಗಳಲ್ಲಿ ಬೇರು ಬೆಳೆಸುವುದು ಅವಳ ಉದ್ಯೋಗ. ಮಣ್ಣಿಲ್ಲ, ಬಿಸಿಲಿಲ್ಲ; ಸಕ್ಕರೆ ಬೆರೆಸಿದ ನೀರಿನಲ್ಲಿ ಬೆಳ್ಳಗೆ ಹಬ್ಬುವ ಆ ಬೇರು ಕೆಂಪಾದರೆ ಮಾತ್ರ ಔಷಧಿ. ಕೆಂಪಾಗಲು ಅದಕ್ಕೆ ಭಯ ಹುಟ್ಟಬೇಕು. ಶತ್ರು ಬಂದಂತೆ ತೋರಲೆಂದು ಸತ್ತ ಬೂಷ್ಟಿನ ರಸ ಹನಿಸುತ್ತಾರೆ. "ನಮ್ಮನೆಯವರ ಹಾಗೇ ಕಣೇ, ಹೆದರಿಸಿದ್ರೇನೇ ಕೆಲಸ" ಎಂದು ಜೊತೆಯವಳು ನಗುತ್ತಿದ್ದಳು.

ಆ ತಿಂಗಳು ಬೇರು ಯಾವುದಕ್ಕೂ ಜಗ್ಗಲಿಲ್ಲ. ಎಲ್ಲ ಜಾಡಿಯೂ ಬಿಳಿ. ಮನೆಯಲ್ಲಿ ಹಾಸಿಗೆ ಹಿಡಿದ ತಂಗಿಗೆ ಆ ಔಷಧಿಯೊಂದೇ ದಿಕ್ಕು. ಬೇರಿನ ತಾಯಿಗಿಡ ಬೆಳೆದಿದ್ದದ್ದು ಈ ಬಾವಿಯ ಒಳಗೋಡೆಯಲ್ಲೇ. ಈಗ ಅದೂ ಇಲ್ಲ.

ಆ ರಾತ್ರಿ ಬಾವಿಯ ಹತ್ತಿರ ಬಂದಳು... ಸಳಕ್... ಸಳಕ್... ಜಾಡಿ ಕುಲುಕುವ ಯಂತ್ರದ್ದೇ ಸದ್ದು, ಕೆಳಗಿನಿಂದ. ನಡುವೆ ಗಾಜಿಗೆ ಗಾಜು ತಾಗಿ, ಟಿಣ್. ಆಮೇಲೆ ಪಿಸುದನಿ.

"ಅಕ್ಕಾ... ಭಯ ಆಗ್ತಿದೆ. ಇದ್ದೀಯಾ?"

ತಂಗಿಯ ದನಿ. ಇವಳು ಓಗೊಡಲೂ ನಿಲ್ಲದೆ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದರೆ, ತಂಗಿ ಗಾಢ ನಿದ್ದೆಯಲ್ಲಿದ್ದಳು. ಬೆಳಗ್ಗೆ ಒಂದು ಜಾಡಿ ದಾಳಿಂಬೆಯಷ್ಟು ಕೆಂಪಾಗಿತ್ತು.

ಮರುರಾತ್ರಿ ಮತ್ತೆ ಅದೇ ದನಿ. ಮನಸ್ಸು ತಡೆಯಲಿಲ್ಲ. "ಇದ್ದೀನಿ ಕಣೇ" ಎಂದುಬಿಟ್ಟಳು. ಬಾವಿ ತಟ್ಟನೆ ಸುಮ್ಮನಾಯಿತು. ಬೆಳಗ್ಗೆ ನೋಡಿದರೆ ಹೊಸದಾಗಿ ಒಂದೂ ಕೆಂಪಾಗಿರಲಿಲ್ಲ.

ಮೂರನೆಯ ರಾತ್ರಿ ತುಟಿ ಕಚ್ಚಿಕೊಂಡು ದಾಟಿದಳು. ಇನ್ನೊಂದು ಜಾಡಿ ಕೆಂಪಾಯಿತು. ಓಗೊಡದೆ ಆ ದನಿಯನ್ನು ಹೆದರಿಸಿದರೇ ಬೇರು ಕೆಂಪು ಎಂದು ಆಗ ಅವಳಿಗೆ ತಿಳಿಯಿತು... ತಿಳಿದೂ ಮಾಡುವುದೇನು?

ಔಷಧಿ ಬಂತು. ತಂಗಿ ದಿಂಬಿಗೆ ಒರಗಿ ಕೂರುವಷ್ಟಾದಳು. ಒಂದು ಬೆಳಗ್ಗೆ ತಲೆ ಬಾಚಿಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು:

"ರಾತ್ರಿ ಅಷ್ಟೊಂದು ಕರೀತೀನಿ... ಯಾಕಕ್ಕ ಓಗೊಡಲ್ಲ?"

ಬಾಚಣಿಗೆ ನಿಂತಿತು. ಕನಸು ಬಿಡು ಎಂದು ಅಕ್ಕ ಸಮಾಧಾನ ಹೇಳಿ, ತಂಗಿಯ ಕೈ ಹಿಡಿದುಕೊಂಡಳು. ತಿಂಗಳಿಂದ ಹೊಸ್ತಿಲು ದಾಟದವಳ ಉಗುರುಗಳ ಸಂದಿಯಲ್ಲಿ ಹಸಿ ಪಾಚಿಯಿತ್ತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಂದು ತಂಗಿಯನ್ನು ನೋಡಲು ಹೋಗಿದ್ದ ನಾನು ಆ ಪಾಚಿಯನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಕ ಅಂದೇ ನಿರ್ಧರಿಸಿದಳು: ಅದೇ ದಾರಿಯಲ್ಲಿ ಹೋಗುವುದು, ಓಗೊಡದಿರುವುದು.