ಕೆಂಡ ಕೊಟ್ಟವಳು

ಎಪ್ಪತ್ತಾರನೇ ಇಸವಿಯಲ್ಲಿ ಕಕ್ಕಿಂಜೆಯ ಬಸ್ಸು ಕಟ್ಟೆಯಲ್ಲಿ ನನ್ನ ಕಿವಿಗೆ ಬಿದ್ದ ಮಾತಿದು. ಮುಳಿಹುಲ್ಲು ಹೊದೆಸಿದ ಮನೆ ಸುಟ್ಟು ಬೂದಿಯಾದ ಮೇಲೆ ಕಾವೇರಮ್ಮ ಬೆಳ್ತಂಗಡಿಗೆ ಹೊರಟಿದ್ದಳು. ಅವಳ ನೆರೆಮನೆಯ ಮಾಯಿಲಪ್ಪ, ಅವಳ ಗದ್ದೆಯ ಧಣಿಯ ಕೈಯಾಳು, ನಾಚಿಕೆಯಿಲ್ಲದೆ ಪಕ್ಕದಲ್ಲೇ ಬಂದು ಕೂತ.

“ಎಲ್ಲಿಗೆ ಅಕ್ಕ, ಒಬ್ಬಳೇ?”

“ಗೊತ್ತಿಲ್ಲವಾ? ನಾನು ಗೇಣಿಗೆ ಮಾಡಿದ ಗದ್ದೆ ನನ್ನ ಹೆಸರಿಗೆ ಆಗಲಿಕ್ಕೆ ಇವತ್ತು ಭೂ ನ್ಯಾಯಮಂಡಳಿಯಲ್ಲಿ ವಿಚಾರಣೆ ಉಂಟು.”

“ಮನೆಯೇ ಇಲ್ಲ, ಇನ್ನು ಗದ್ದೆ ಯಾಕೆ ಮಾರಾಯ್ತಿ? ಅರ್ಜಿ ಹಿಂದೆ ತೆಗಿ.”

“ಮನೆಗೆ ಬೆಂಕಿ ಕೊಟ್ಟದ್ದು ನೀನೇ ಅಂತ ಅಲ್ಲಿ ಹೇಳ್ತೇನೆ.”

“ಹೇಳು. ಕೆಂಡ ಎಲ್ಲಿಂದ ಬಂತು ಅಂತ ಕೇಳಿದರೆ?”

ಅವಳು ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದಳು.

“ಆ ಸಂಜೆ ನಿನ್ನ ಒಲೆಯಿಂದ ತೆಂಗಿನ ಗೆರಟೆಗೆ ಹಾಕಿ ಕೊಟ್ಟದ್ದು ನೀನೇ ಅಲ್ಲವಾ?”

“ಒಲೆ ಆರಿದೆ, ಮಗುವಿಗೆ ಗಂಜಿ ಬೇಯಿಸಬೇಕು ಅಂದಿಯಲ್ಲ!”

“ಗಂಜಿ ಬೆಂದಿತು. ಉಳಿದ ಕೆಂಡ ನಿನಗೇ ವಾಪಸು ಕೊಟ್ಟೆ.”

“ಒಳಗೆ ಕರು ಕಟ್ಟಿದ್ದೆ, ಪಾಪಿ.”

“ಹೌದು, ಕೂಗಿದ್ದು ಕೇಳಿತು.”

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ಆ ನೀಚ ಎದ್ದು ಹೋಗಿ, ಕಿಟಕಿಗೆ ಬಾಯಿ ಇಟ್ಟು ಹೇಳಿದ:

“ಇನ್ನು ಒಲೆ ಹಚ್ಚಲಿಕ್ಕೆ ಕೆಂಡ ಬೇಕಾದರೆ ನಮ್ಮಲ್ಲಿಗೇ ಬಾ, ಅಕ್ಕ.”