ಮೇಡಂ ಕೊಡೋ ಬಾಳೆಹಣ್ಣು

ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸಿಗೆ ಕಾಯುತ್ತಿದ್ದೆ. ಹಣ್ಣು ಮಾರುವ ಅಜ್ಜಿಯೊಬ್ಬರು ಪಕ್ಕದ ಹೆಂಗಸಿನ ಹತ್ತಿರ ದೂರು ಹೇಳುತ್ತಿದ್ದರು.

“ಮೊಮ್ಮಗಳು ನಾನು ಕೊಟ್ಟ ಬಾಳೆಣ್ಣು ಮುಟ್ಟಲ್ಲ ಕಣೇ ರಾಧಾಮಣಿ.”

“ಇಸ್ಕೂಲಲ್ಲಿ ಪುಕ್ಸಟ್ಟೆ ಕೊಡೋದು ತಿಂತಾಳಲ್ಲ ಕದಿರಕ್ಕ?”

“ಅದನ್ನ ಆಸೆಪಟ್ಟು ತಿಂತಿದ್ಲು. ನಾನು ಕೊಟ್ರೆ, ‘ನಿಂದು ಕೊಳೆತಿರ್ತದೆ, ಮೇಡಂ ಕೊಡೋದೇ ಚೆಂದ’ ಅಂತಾಳೆ.”

“ಅಯ್ಯೋ, ಸಾಕಿದ ಅಜ್ಜಿಗೇ ಅಂಗಂದ್ಲಾ?”

“ಮನೆಗೆ ತಗೊಂಡೋಗೋದು ಮಾರದೆ ಮಿಕ್ಕಿ ಕಪ್ಪಾದವು. ಒಳ್ಳೆವನ್ನೆಲ್ಲ ಆರಿಸಿ ಆ ಇಸ್ಕೂಲಿಗೇ ಕೊಟ್ಬತ್ತೀನಿ.”

“ಅಂಗಾದ್ರೆ ಮೇಡಂ ಕೊಡೋದೂ ನಿನ್ನ ಬುಟ್ಟೀದೇ! ಅವಳಿಗೆ ಯೋಳ್ಬಾರ್ದಾ?”

ಬಸ್ಸು ಬಂತು. ಅಜ್ಜಿ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

“ನಿನ್ನೆ ಯೋಳ್ದೆ. ಇವತ್ತು ಇಸ್ಕೂಲಲ್ಲೂ ಬ್ಯಾಡ ಅಂದ್ಲಂತೆ.”