ತುಟಿ ಮೊದಲು, ದನಿ ಆಮೇಲೆ

ನಂಬಲೇಬೇಕು ಅಂತ ಯಾರಿಗೂ ಬಲವಂತವಿಲ್ಲ. ಆದರೆ ಇಟಲಿಯ ನಮ್ಮೂರು ಮೊಂತೆಬುಯೊದಲ್ಲಿ ಇವತ್ತಿಗೂ ಕತ್ತಲಾದ ಮೇಲೆ ಬಾವಿಯ ದಾರಿಯಲ್ಲಿ ಯಾರೂ ಒಂಟಿಯಾಗಿ ಹೋಗುವುದಿಲ್ಲ.

ಆ ರಾತ್ರಿ ಎವಾರಿಸ್ತೊ ಮೇಷ್ಟ್ರು ಅದೇ ದಾರಿಯಲ್ಲಿ ಮನೆಗೆ ಹೊರಟಿದ್ದರು. ಸಿನಿಮಾದ ಎರಡನೇ ಆಟ ಮುಗಿದಿತ್ತು. ಚಳಿ. ಊರು ಬಾಗಿಲು ಹಾಕಿಕೊಂಡಿತ್ತು. ಬಲಕ್ಕೆ ಹಳೇ ಬಾವಿ, ಅದರ ಮೇಲೆ ಬಾಗಿದ ಅಕ್ರೋಟಿನ ಮರ. ಅಕ್ರೋಟಿನ ಕೆಳಗೆ ರಾತ್ರಿ ನಿಲ್ಲಬಾರದು, ಅಲ್ಲಿ ಮಾಟಗಾತಿಯರು ಸೇರುತ್ತಾರೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು... ಮೇಷ್ಟ್ರು ಅಂಥದಕ್ಕೆಲ್ಲ ಸೊಪ್ಪು ಹಾಕಿದವರಲ್ಲ. ಬೈದುಕೊಳ್ಳುತ್ತಾ ನಡೆಯುತ್ತಿದ್ದರು. ಬೈಗುಳವೆಲ್ಲ ಆಗಷ್ಟೇ ನೋಡಿ ಬಂದ ಸಿನಿಮಾಕ್ಕೆ.

ಬೈಸಿಕೊಳ್ಳುವಂಥ ಸಿನಿಮಾಗಳೇ ಅವು. ರೋಮಿನಲ್ಲಿ ಮಾನ ಮರ್ಯಾದೆ ಇಲ್ಲದ ನಾಲ್ಕು ಜನ ಸೇರಿ, ನಿಮ್ಮ ಕಡೆಯವರ ಮಾತಿನಲ್ಲಿ ಹೇಳುವುದಾದರೆ, ಇಡ್ಲಿ ಬೇಯಿಸಿದಷ್ಟು ಹೊತ್ತಿನಲ್ಲಿ ಒಂದೊಂದನ್ನು ಇಳಿಸುತ್ತಿದ್ದರು. ರಕ್ತ ಅಂದರೆ ಟೊಮೆಟೊ ಗೊಜ್ಜು. ಬಾವಲಿ ಅಂದರೆ ಹರಿದ ಕೊಡೆಯ ಬಟ್ಟೆ. ಹೆಣ ಅಂತ ಮಲಗಿಸಿದವನ ಹೊಟ್ಟೆ ಏರಿ ಇಳಿಯುತ್ತಿರುತ್ತಿತ್ತು, ರಾಕ್ಷಸನ ಬೆನ್ನಲ್ಲಿ ಜಿಪ್ಪು ಕಾಣುತ್ತಿತ್ತು. ಇದನ್ನೆಲ್ಲ ಅಮೆರಿಕದ ಸರಕು ಅಂತ ನಂಬಿಸಲು ಎಲ್ಲರಿಗೂ ಅಮೆರಿಕದ ಹೆಸರು. ನೇಪಲ್ಸಿನ ಮೀನು ಮಾರುವವನ ಮಗ ಪೋಸ್ಟರಿನ ಮೇಲೆ ರಾತ್ರೋರಾತ್ರಿ ಜಾನ್ ಆಗಿಬಿಡುತ್ತಿದ್ದ. ಇನ್ನು ಮಾತಿನ ಕತೆ ಕೇಳಲೇಬೇಡಿ. ಶೂಟಿಂಗಿನಲ್ಲಿ ದನಿ ಹಿಡಿಯುವ ಪದ್ಧತಿಯೇ ಇಲ್ಲ. ನಟಿ ಸುಮ್ಮನೆ ಬಾಯಿ ಆಡಿಸುತ್ತಾಳೆ, ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಬೇರೆ ಯಾವಳೋ ಕೂತು ಅದಕ್ಕೆ ದನಿ ಕೊಡುತ್ತಾಳೆ. ಅದೂ ಅವಸರದ ಕೆಲಸ. ತುಟಿ ಮೊದಲು ಆಡುತ್ತದೆ, ದನಿ ಆಮೇಲೆ ಬರುತ್ತದೆ.

ಹಾಗಿದ್ದರೆ ಮೇಷ್ಟ್ರು ಯಾಕೆ ನೋಡುತ್ತಿದ್ದರು? ಯಾವ ಸಿನಿಮಾ ನೋಡಬಾರದು ಅಂತ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿತ್ತು. ಪಾದ್ರಿ ದೊನ್ ಸೆವೆರಿನೊ ತಾವೇ ಹೋಗಿ ನೋಡಿದರೆ ಮರ್ಯಾದೆ ಹೋಗುತ್ತದಲ್ಲ, ಆ ಕಷ್ಟವನ್ನು ಮೇಷ್ಟ್ರ ತಲೆಗೆ ಕಟ್ಟಿದ್ದರು. ಮೇಷ್ಟ್ರು ಎರಡೆರಡು ಸಲ ನೋಡಿ ಬಂದು, ದಪ್ಪ ಅಕ್ಷರದಲ್ಲಿ ‘ಯಾರೂ ನೋಡಕೂಡದು’ ಅಂತ ಬರೆಯುತ್ತಿದ್ದರು. ಜನ ಅದನ್ನು ಓದಿಕೊಂಡೇ ಟಿಕೆಟ್ ಕೊಳ್ಳಲು ಓಡುತ್ತಿದ್ದರು.

"ಏನ್ ಮೇಷ್ಟ್ರೇ, ಮತ್ತೆ ಎರಡನೇ ಆಟಕ್ಕೂ ಬಂದ್ರಾ?" ಅಂತ ಸಿನಿಮಾ ಓಡಿಸುವ ಉರ್ಬಾನೊ ಆ ಸಂಜೆಯೂ ಚುಡಾಯಿಸಿದ್ದ. "ಮೊದಲ್ನೇ ಸಲ ಪಾಪ ಕನ್ನಡಕ ಮಂಜಾಗಿತ್ತೇನೋ."

"ಕಸ ಕಣಯ್ಯ ಇದು. ಕಸ ಅಂತ ಬರೀಬೇಕಾದ್ರೆ ಬುಟ್ಟಿ ತಳದವರೆಗೂ ನೋಡ್ಬೇಕು."

"ತಳದಲ್ಲಿ ಹುಡುಗೀರು ಸ್ನಾನ ಮಾಡ್ತಿರ್ತಾರೆ, ನಿಧಾನಕ್ಕೆ ನೋಡಿ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಆ ಕಸ ಇಷ್ಟವೇ ಆಗಿತ್ತು. ಮೊದಲಿಂದಲೂ. ಊಟಕ್ಕೆ ಕೂತಾಗ ಛೀ ಥೂ ಅನ್ನುತ್ತಲೇ ಒಂದೊಂದು ಕೊಲೆಯನ್ನೂ ಅಭಿನಯಿಸಿ ತೋರಿಸುತ್ತಿದ್ದರು. ಹೆಂಡತಿ ಅಸ್ಸುಂತಾ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು ನಜ್ಜರೇನಾ, ಮನೆಯಲ್ಲಿ ನೇನಾ, ಊಟ ಮರೆತು ಕಣ್ಣರಳಿಸಿ ನೋಡುತ್ತಿದ್ದಳು. ಆ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನ ತಟ್ಟೆಯಿಂದಲೇ.

ದೊಡ್ಡವಳಾದ ಮೇಲೆ ಅವಳು ರೋಮಿಗೆ ಹೋಗಿ ಅಂಥ ಸಿನಿಮಾಗಳಲ್ಲೇ ಸೇರಿಕೊಂಡಳು. ಆಗ ಮೇಷ್ಟ್ರು ಏನು ಮಾಡಿದರು ಗೊತ್ತೆ? ಈ ಮನೆಯಲ್ಲಿ ಇನ್ನು ಆ ಹೆಸರು ಯಾರ ಬಾಯಲ್ಲೂ ಬರಕೂಡದು ಅಂದರು. ಐದು ವರ್ಷ ಬರಲಿಲ್ಲ. ಅಸ್ಸುಂತಾ ಮಗಳಿಗಾಗಿ ಪ್ರಾರ್ಥಿಸುವಾಗಲೂ ತುಟಿ ಬಿಗಿದುಕೊಳ್ಳುತ್ತಿದ್ದಳು.

ನೇನಾ ಈಗ ಪೆಗ್ಗಿ ಹಾಲ್ಟನ್. ಪರದೆಯ ಮೇಲೆ ಬರುವ ಹೆಸರುಗಳ ಪಟ್ಟಿಯ ಕೊನೇ ಸಾಲು. ಒಂದು ಸಿನಿಮಾದಲ್ಲಿ ಸುಟ್ಟುಹೋದಳು, ಒಂದರಲ್ಲಿ ಬೆಕ್ಕುಗಳು ತಿಂದವು, ಒಂದರಲ್ಲಿ ಗೋಡೆಯೊಳಗೆ ಹೂತರು. ಅಪ್ಪ ಎಲ್ಲವನ್ನೂ ನೋಡಿದರು. ಮೊದಲನೇ ಆಟ ಚೀಟಿಗಾಗಿ, ಎರಡನೇ ಆಟ ಮಗಳಿಗಾಗಿ. ಆದರೆ ಎಷ್ಟು ಸಲ ನೋಡಿದರೂ ಅವಳ ದನಿ ಮಾತ್ರ ಕೇಳಲು ಸಿಗುತ್ತಿರಲಿಲ್ಲ. ಅವಳಿಗೆ ದನಿ ಕೊಡುತ್ತಿದ್ದವಳು ರೇಡಿಯೊದಲ್ಲಿ ಬಿಸ್ಕತ್ತಿನ ಜಾಹೀರಾತು ಹೇಳುವ ಹೆಂಗಸು. ಬೆಣ್ಣೆ ಸವರಿದ ದಪ್ಪ ದನಿ. ನೇನಾಳದು ಚಿಕ್ಕಂದಿನ ನಾಯಿಕೆಮ್ಮಿನಿಂದ ಸ್ವಲ್ಪ ಒಡೆದ ದನಿ. ಮೇಷ್ಟ್ರಿಗೆ ಅದನ್ನು ಒಮ್ಮೆ ಕೇಳಬೇಕಿತ್ತು, ಅಷ್ಟೇ. ಒಂದು ಸಲ ಫೋನು ಮಾಡಿದ್ದರೆ ಆಗುತ್ತಿತ್ತು. ಬಿಗುಮಾನ ಬಿಡಬೇಕಲ್ಲ.

ಆ ರಾತ್ರಿಯ ಸಿನಿಮಾ ‘ಹೆಣಗಳ ಮದುವೆಯೂಟ’. ನಗಬೇಡಿ, ಹೆಸರೇ ಹಾಗೆ. ಪೆಗ್ಗಿ ಹಾಲ್ಟನ್ ಮಂಚದ ಮೇಲೆ ಮಲಗಿದ್ದಾಳೆ. ಕಪ್ಪು ಕೈಗವಸಿನ ಕೈ ಚಾಕು ಎತ್ತುತ್ತದೆ. ಅವಳು ಬಾಯಿ ತೆರೆಯುತ್ತಾಳೆ... ಸದ್ದಿಲ್ಲ. ಬಾಯಿ ಮುಚ್ಚುತ್ತಾಳೆ... ಆಗ ಬಿಸ್ಕತ್ತಿನವಳು ಕಿರುಚುತ್ತಾಳೆ. ಸತ್ತು ಬಿದ್ದ ಮೇಲೂ ಕಿರುಚುತ್ತಲೇ ಇರುತ್ತಾಳೆ. ಥಿಯೇಟರಿನವರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

"ಮುಂಡೇವು," ಅಂತ ಬಾವಿಯ ಹತ್ತಿರ ಗೊಣಗಿದರು. "ಒಂದು ತುಟಿಗೆ ಒಂದು ಮಾತು ಹೊಂದ್ಸೋಕೆ ಬರಲ್ಲ."

ಅಷ್ಟರಲ್ಲಿ ಬಾವಿಯ ರಾಟೆ ಅಲುಗಿತು. ಕಿರ್ರ್... ಗಾಳಿ ಇರಲಿಲ್ಲ.

ಮೇಷ್ಟ್ರು ನಿಂತರು. ಮರದ ಕೆಳಗೆ ಯಾರೋ ಇದ್ದರು. ಹುಡುಗಿ. ತೆಳ್ಳನೆಯ ಬಿಳೀ ಅಂಗಿ, ತೊಯ್ದು ಮೈಗೆ ಅಂಟಿತ್ತು. ಕೂದಲ ತುದಿಯಿಂದ ನೀರು ಬೀಳುತ್ತಿತ್ತು. ಹನಿ ಕಲ್ಲಿನ ಮೇಲೆ ಬಿತ್ತು. ಸದ್ದಿಲ್ಲ. ಆಮೇಲೆ... ಟಪ್.

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಪಾದ ಜಲ್ಲಿಯ ಮೇಲೆ ಊರಿತು, ನಿಂತಿತು. ಆಮೇಲೆ... ಚರಕ್.

ಮುಖಕ್ಕೆ ಬೆಳದಿಂಗಳು ಬಿತ್ತು. ನೇನಾ.

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಸಿನಿಮಾದವರ ಕಿತಾಪತಿ, ಪ್ರಚಾರಕ್ಕೆ ಊರೂರಲ್ಲಿ ಹೀಗೆ ಹುಡುಗಿಯರನ್ನು ನಿಲ್ಲಿಸುತ್ತಾರೆ ಅಂದುಕೊಂಡರು. ಆಗ ಅವಳ ತುಟಿ ಆಡಿತು. ಏನೂ ಕೇಳಲಿಲ್ಲ. ತುಟಿ ನಿಂತಿತು. ಆಮೇಲೆ ಆ ಬೆಣ್ಣೆ ಸವರಿದ ಬಿಸ್ಕತ್ತಿನ ದನಿ, ಎಲ್ಲಿಂದಲೋ...

"ಅಪ್ಪಾ... ನನ್ನ ಹೆಸರು ಹಿಡಿದು ಕರಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಯಾರು ನೀನು?"

ತುಟಿ. ಮೌನ. "ನೀನೇ ಹೇಳು."

"ದನಿ ನಿಂದಲ್ಲ."

"ಕೊಡ್ಲಿಲ್ಲಪ್ಪ... ಯಾರೂ ಕೊಡ್ಲಿಲ್ಲ."

ಹೆದರಿದ ಮನುಷ್ಯ ತನಗೆ ರೂಢಿಯಾದದ್ದನ್ನೇ ಮಾಡುತ್ತಾನೆ. ಮೇಷ್ಟ್ರಿಗೆ ರೂಢಿ ಇದ್ದದ್ದು ತಿರಸ್ಕಾರ. "ಗೊತ್ತಮ್ಮ ನಿನ್ನ ಹೆಸರು," ಅಂದರು, ತುಟಿ ಸೊಟ್ಟ ಮಾಡಿ. "ಪೆಗ್ಗಿ ಹಾಲ್ಟನ್."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬಾವಿಯ ಕಟ್ಟೆ ಅವಳ ಬೆನ್ನಿಗೆ ತಾಗಿತು. ಕಿರ್ರ್... ರಾಟೆ ಮತ್ತೆ ತಿರುಗಿತು. ಅವಳ ತುಟಿ ಆಡುತ್ತಲೇ ಇತ್ತು, ಆದರೆ ಈಗ ಯಾವ ದನಿಯೂ ಬರಲಿಲ್ಲ. ಬಿಸ್ಕತ್ತಿನದೂ ಇಲ್ಲ. ಅವಳು ಕಟ್ಟೆಯ ಮೇಲೆ ಹಿಮ್ಮುಖವಾಗಿ ಬಾಗತೊಡಗಿದಳು. ನಿಧಾನವಾಗಿ... ಕಣ್ಣು ಮಾತ್ರ ಅಪ್ಪನ ಮೇಲೆ.

ಮೇಷ್ಟ್ರು ಓಡಿಹೋಗಬಹುದಿತ್ತು. ಬೇರೆ ಯಾರಾದರೂ ಓಡಿಯೇ ಹೋಗುತ್ತಿದ್ದರು. ಅವರು ಅಲ್ಲೇ ನಿಂತು, ಐದು ವರ್ಷ ನುಂಗಿಕೊಂಡದ್ದನ್ನು ಪಿಸುಗುಟ್ಟಿದರು.

"ನೇನಾ."

ಹನಿ ಬಿತ್ತು. ಟಪ್. ಎರಡೂ ಒಟ್ಟಿಗೆ.

"ನಜ್ಜರೇನಾ. ನನ್ನ ಮಗಳೇ."

"ಹ್ಞಾಂ ಅಪ್ಪ," ಅಂದಳು ಅವಳು. ಸ್ವಲ್ಪ ಒಡೆದ ದನಿ. ತುಟಿಯ ಜೊತೆಗೇ ಬಂತು.

ಮೇಷ್ಟ್ರಿಗೆ ಅಳು ಬಂತು, ಅಳುತ್ತಲೇ "ಮನೆಗೆ ಹೋಗೋಣ ಬಾ, ನಿಮ್ಮಮ್ಮ ಕಾಯ್ತಿದಾಳೆ" ಅಂದರು. ಹೇಳಿ ತಿರುಗಿ ನಡೆದರು. ಹಿಂದಕ್ಕೆ ನೋಡುವ ಧೈರ್ಯ ಬರಲಿಲ್ಲ. ಬೆನ್ನ ಹಿಂದೆ ಬರಿಗಾಲಿನ ಸದ್ದು. ಚರಕ್, ಚರಕ್... ಮನೆಯ ಮೆಟ್ಟಿಲವರೆಗೂ ಬಂತು. ಅಲ್ಲಿ ನಿಂತಿತು.

ಅಸ್ಸುಂತಾ ಎದ್ದು ಬಂದಳು. "ಏನಾಯ್ತು ರೀ? ಮುಖ ಯಾಕೆ ಹಾಗಿದೆ?"

"ಚಿಲಕ ಹಾಕ್ಬೇಡ."

"ಯಾರು ಬರ್ತಾರೆ?"

"ನೇನಾ," ಅಂದರು ಮೇಷ್ಟ್ರು. ಅಸ್ಸುಂತಾ ಅಲ್ಲೇ ಗೋಡೆ ಹಿಡಿದು ಕೂತಳು.

ಬೆಳಗಿನ ಮೊದಲ ಬಸ್ಸಿಗೇ ಇಬ್ಬರೂ ಮಗಳನ್ನು ಹುಡುಕಿಕೊಂಡು ರೋಮಿಗೆ ಹೋದರು. ಸಿನಿಮಾ ಕಂಪನಿ ಅಂದರೆ ಹೋಟೆಲಿನ ಮೇಲಿನ ಒಂದು ಕೊಠಡಿ. ಅಲ್ಲಿದ್ದ ಗುಮಾಸ್ತ ಕಾಫಿ ಕಲಕುತ್ತಾ, ತಲೆ ಎತ್ತದೆಯೇ ಹೇಳಿದ.

"ಪೆಗ್ಗಿ ಹಾಲ್ಟನ್ನಾ? ತೀರ್ಕೊಂಡ್ಲಲ್ಲ ಸಾರ್, ಫೆಬ್ರವರೀಲೇ. ಕೆರೆ ಸೀನಿತ್ತು, ನೀರು ತಣ್ಣಗಿತ್ತು. ನ್ಯುಮೋನಿಯಾ ಆಯ್ತು."

"ಮನೆಯವರಿಗೆ ಯಾಕೆ ತಿಳಿಸ್ಲಿಲ್ಲ?"

"ಅಮೆರಿಕದವಳಲ್ವಾ? ಕಾದ್ವಿ. ಅಲ್ಲಿಂದ ಯಾರೂ ಬರ್ಲಿಲ್ಲ."

ಕೇಳಿದಿರಾ? ಊರಿಗೆಲ್ಲ ಟೋಪಿ ಹಾಕಲು ತಾವೇ ಹೊಲಿದ ಸುಳ್ಳನ್ನು ತಾವೇ ನಂಬಿದ್ದರು ಆ ಮೂರ್ಖರು. ಅವಳ ಗುರುತಿನ ಚೀಟಿ ಎಲ್ಲಿದೆ ಅಂತ ಹುಡುಕುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ಪೋಸ್ಟರಿನ ಹೆಸರನ್ನೇ ಬರೆಸಿದ್ದರು. ಊರಾಚೆಯ ಸ್ಮಶಾನದಲ್ಲಿ ಒಂದು ಮರದ ಶಿಲುಬೆ, ಅದರ ಮೇಲೆ ಪೆಗ್ಗಿ ಹಾಲ್ಟನ್. ಮೇಷ್ಟ್ರು ಅದನ್ನು ಕೈಯಿಂದಲೇ ಕಿತ್ತೆಸೆದರು. ಕಚೇರಿಯಿಂದ ಕಚೇರಿಗೆ ಅಲೆದು, ಬೇಡಿ, ಬೈದು, ಕೊನೆಗೂ ಮಗಳನ್ನು ಮೊಂತೆಬುಯೊಗೆ ತಂದು ಅಜ್ಜಿಯ ಪಕ್ಕದಲ್ಲಿ ಮಲಗಿಸಿದರು. ಆಮೇಲೆ ಅವರು ಯಾವ ಸಿನಿಮಾಕ್ಕೂ ಹೋಗಲಿಲ್ಲ, ಯಾವ ಚೀಟಿಯನ್ನೂ ಬರೆಯಲಿಲ್ಲ. ದೊನ್ ಸೆವೆರಿನೊ ಬೇರೆ ಯಾರನ್ನೋ ಹುಡುಕಿಕೊಂಡರು. ಅಂಥ ಕಷ್ಟ ಹೊರಲು ಜನ ಸಾಲುಗಟ್ಟಿ ನಿಂತಿದ್ದರು ಬಿಡಿ.

ಮೇಷ್ಟ್ರು ಮುದುಕರಾಗಿದ್ದರು, ಕತ್ತಲಲ್ಲಿ ಏನನ್ನೋ ಕಂಡರು ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಅದೇ ಸಿನಿಮಾ, ಉರ್ಬಾನೊ ಓಡಿಸಿದ ಅದೇ ರೀಲು, ಆಮೇಲೆ ವಿತೆರ್ಬೊ ಪಟ್ಟಣಕ್ಕೆ ಹೋಯಿತು. ನಾನು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಮಂಚ ಬಂತು. ಕಪ್ಪು ಕೈಗವಸು ಬಂತು. ಚಾಕು ಇಳಿಯಿತು, ಹಾಸಿಗೆಯ ಹತ್ತಿ ಹಾರಿತು, ಬಿಸ್ಕತ್ತಿನವಳು ಎಂದಿನಂತೆ ತಡವಾಗಿ ಕಿರುಚಿದಳು. ಮಂಚದ ಮೇಲೆ ಹುಡುಗಿ ಇರಲಿಲ್ಲ. ಜನ ಶಿಳ್ಳೆ ಹೊಡೆದು ಕುರ್ಚಿ ಒದ್ದರು. ಥಿಯೇಟರಿನವನು ಕಂಪನಿಗೆ ಫೋನು ಮಾಡಿದ್ದಕ್ಕೆ, "ಅಷ್ಟೆಲ್ಲ ಯಾರ್ ನೋಡ್ತಾರೆ ಬಿಡಿ" ಅಂದರಂತೆ.

ನಾನು ನೋಡಿದೆ. ಸುಳ್ಳಾದರೆ ಈ ಕಣ್ಣು ಹಿಂಗಿಹೋಗಲಿ. ದಿಂಬಿನ ಮೇಲೆ ತಲೆ ಇಟ್ಟಿದ್ದ ಗುಳಿ ಇತ್ತು... ನಾವು ನೋಡುತ್ತಿದ್ದ ಹಾಗೇ ಅದು ಮೆಲ್ಲಗೆ ಮೇಲೆದ್ದು ಸಮವಾಯಿತು.